ಮುಂಬಯಿಯಲ್ಲಿ ಕಡಿಮೆ ಖರ್ಚಿಗೆ ಡಿಸೈನರ್ ಉಡುಪು, ಫ್ಯಾಷನ್ ಕಾರ್ಯಕ್ರಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದಿಂದ ಡೊಂಬಿವಲಿವರೆಗೆ ಹರಡಿಕೊಂಡಿರುವ ಕನ್ನಡಿಗರ ಮನೆಗಳಲ್ಲಿ ಮೇ ತಿಂಗಳು ಹತ್ತಿರವಾದರೆ ಊರಿನ ಮದುವೆಗಳ ಪಟ್ಟಿ ಉದ್ದವಾಗುತ್ತದೆ. ಸೀರೆಯ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಮೆಹಂದಿ, ರಿಸೆಪ್ಷನ್‌ಗಳ ಲೆಹೆಂಗಾ, ಕುರ್ತಾ ಸೆಟ್, ಬಂದ್‌ಗಲಾ ಬಂದಾಗ ಪ್ರಶ್ನೆಗಳು ಶುರುವಾಗುತ್ತವೆ. ಹೆಚ್ಚಾಗಿ ಕೇಳಿಬರುವವು ಇಲ್ಲಿವೆ.

ಡಿಸೈನರ್ ಉಡುಪಿಗೆ ಅಷ್ಟು ಬೆಲೆ ಯಾಕೆ? ಅದು ಕಡಿಮೆಯಾಗುವುದು ಎಲ್ಲಿ?

ಬೆಲೆಯಲ್ಲಿ ನಾಲ್ಕು ಪಾಲು: ಬಟ್ಟೆ, ಕೈಕೆಲಸ, ಅಂಗಡಿಯ ಬಾಡಿಗೆ-ಕಮಿಷನ್, ಹೆಸರು. ಅಡ್ಡಾ ಎಂಬ ಮರದ ಚೌಕಟ್ಟಿನ ಮೇಲೆ ಬಟ್ಟೆ ಬಿಗಿದು ಕುಶಲಕರ್ಮಿಗಳು ಮಾಡುವ ಜರ್ದೋಜಿ (ಜರಿದಾರದ ಕಸೂತಿ), ಆರಿ (ಕೊಕ್ಕೆಸೂಜಿಯ ಕಸೂತಿ) ಕೆಲಸಕ್ಕೆ ವಾರಗಟ್ಟಲೆ ಕೂಲಿ ಬೀಳುತ್ತದೆ. ಅದನ್ನು ಯಾರೂ ಅಗ್ಗ ಮಾಡಲಾರರು. ಅಗ್ಗವಾಗಿ ಸಿಕ್ಕಿದರೆ ಅದು ಮೆಷಿನ್ ಕೆಲಸ ಎಂದೇ ತಿಳಿಯಿರಿ. ಇಳಿಯುವುದು ಕೊನೆಯ ಎರಡು ಪಾಲು. ಹಲವು ಡಿಸೈನರ್‌ಗಳ ಸರಕನ್ನು ಒಂದೇ ಸೂರಿನಡಿ ಮಾರುವ ಅಂಗಡಿ ತನ್ನ ಕಮಿಷನ್ ಇಟ್ಟುಕೊಳ್ಳುತ್ತದೆ. ಅದೇ ಡಿಸೈನರ್ ತನ್ನ ವರ್ಕ್‌ಶಾಪಿನಲ್ಲೋ ಎಕ್ಸಿಬಿಷನ್ನಿನಲ್ಲೋ ನೇರವಾಗಿ ಮಾರುವಾಗ ಬೆಲೆ ಇಳಿಸಲು ಜಾಗ ಇರುತ್ತದೆ. ಋತು ಮುಗಿದ ಮೇಲೆ ಹೆಸರಿನ ಪಾಲೂ ಇಳಿಯುತ್ತದೆ.

ಇನ್ನೊಂದು ದಾರಿ, ಅದೇ ಡಿಸೈನರ್ ತರುವ ಅಗ್ಗದ ಬ್ರ್ಯಾಂಡ್. ಅನಿತಾ ಡೋಂಗ್ರೆಯವರ ದುಬಾರಿ ವಧುವಿನ ಉಡುಪುಗಳ ಜತೆಗೆ 'ಗ್ಲೋಬಲ್ ದೇಸಿ', 'ಆ್ಯಂಡ್' ಎಂಬ ಬ್ರ್ಯಾಂಡ್‌ಗಳು ಮಾಲ್‌ಗಳಲ್ಲಿವೆ. ತರುಣ್ ತಹಿಲಿಯಾನಿ ಅವರು ಆದಿತ್ಯ ಬಿರ್ಲಾ ಸಂಸ್ಥೆಯ ಜತೆ 2021ರಲ್ಲಿ ಗಂಡಸರ ಉಡುಪಿಗೆ 'ತಸ್ವಾ' ಶುರು ಮಾಡಿದರು. ಇವುಗಳಲ್ಲಿ ಕೈಕೆಲಸ ಕಡಿಮೆ, ಆದರೆ ಕಟಿಂಗ್ ಚೆನ್ನಾಗಿರುತ್ತದೆ. ಮೈಗೆ ಕೂರುವ ಕಟಿಂಗ್ ಬೇಕು, ಕಸೂತಿ ಬೇಡ ಎನ್ನುವವರಿಗೆ ಇದೇ ಒಳ್ಳೆಯ ಖರೀದಿ. ದೊಡ್ಡ ಸರಣಿ ಅಂಗಡಿಯ ಜತೆ ಡಿಸೈನರ್ ಒಂದೇ ಸಲಕ್ಕೆ ಸೇರಿ ತರುವ ಸಂಗ್ರಹಗಳೂ ಉಂಟು. 2021ರ ಆಗಸ್ಟ್‌ನಲ್ಲಿ ಸಬ್ಯಸಾಚಿ ಮತ್ತು ಎಚ್ ಆ್ಯಂಡ್ ಎಂ ಸೇರಿ ತಂದದ್ದರಲ್ಲಿ ಸೀರೆಗೆ 9,999 ರೂಪಾಯಿ ಇತ್ತು, ನೋಡನೋಡುತ್ತಲೇ ಖಾಲಿಯಾಯಿತು. ಇಂಥದ್ದು ಬಂದಾಗ ಆ್ಯಪ್‌ನಲ್ಲಿ ಮೊದಲೇ ಖಾತೆ ತೆರೆದು, ವಿಳಾಸ, ಕಾರ್ಡ್ ವಿವರ ತುಂಬಿಟ್ಟುಕೊಂಡವರಿಗಷ್ಟೇ ಸಿಗುತ್ತದೆ. ಮರುದಿನ ದುಪ್ಪಟ್ಟು ಬೆಲೆಗೆ ಮಾರುವವರಿಂದ ಕೊಳ್ಳಬೇಡಿ.

ವರ್ಷದಲ್ಲಿ ಯಾವ ತಿಂಗಳು ಕೊಳ್ಳುವುದು ಲಾಭ?

ಮಾಲ್‌ನ ಬ್ರ್ಯಾಂಡ್‌ಗಳಿಗೆ ಎರಡು ಸೇಲ್: ಜೂನ್ ಕೊನೆಯಿಂದ ಜುಲೈ, ಮತ್ತೆ ಡಿಸೆಂಬರ್ ಕೊನೆಯಿಂದ ಜನವರಿ. ಡಿಸೈನರ್ ಅಂಗಡಿಗಳ ಲೆಕ್ಕ ಬೇರೆ. ಅವರ ಪಂಚಾಂಗ ಮದುವೆಯದು. ನವೆಂಬರ್‌ನಿಂದ ಫೆಬ್ರವರಿವರೆಗಿನ ಲಗ್ನಗಳ ಗದ್ದಲ ಮುಗಿದ ಮೇಲೆ, ಅಂದರೆ ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಚಳಿಗಾಲದ ವೆಲ್ವೆಟ್, ಭಾರೀ ರೇಷ್ಮೆ ಇಳಿಯುತ್ತದೆ. ಮಳೆ ಹಿಡಿದ ಮೇಲೆ ಬೇಸಿಗೆಯ ಆರ್ಗ್ಯಾಂಜಾ, ಹತ್ತಿ, ಲಿನನ್ ಇಳಿಯುತ್ತದೆ. ಊರಲ್ಲಿ ಆಷಾಢ ಸೇಲ್ ನಡೆಯುವ ಹೊತ್ತಿಗೇ ಇಲ್ಲೂ ಅಂಗಡಿಗಳು ಬಿಕೋ ಎನ್ನುತ್ತಿರುತ್ತವೆ. ಗಣೇಶ ಚತುರ್ಥಿ ಆದ ಮೇಲಿನ ಪಿತೃಪಕ್ಷವೂ ಹಾಗೆಯೇ. ಆ ಹದಿನೈದು ದಿನ ಶುಭಕಾರ್ಯಕ್ಕೆ ಹೊಸಬಟ್ಟೆ ಕೊಳ್ಳದವರೇ ಹೆಚ್ಚು. ಬೋರ್ಡು ಹಾಕಿದ ಸೇಲ್ ಇರಲಿಕ್ಕಿಲ್ಲ, ಆದರೆ ಕೇಳಿದರೆ ಮಾತಾಡುತ್ತಾರೆ, ಆಲ್ಟರೇಷನ್ ಉಚಿತ ಮಾಡಿಕೊಡುತ್ತಾರೆ.

ಮೇ ತಿಂಗಳ ಮದುವೆಗೆ ಏಪ್ರಿಲ್‌ನಲ್ಲಿ ಹುಡುಕಲು ಹೊರಟರೆ ಪೂರ್ತಿ ಬೆಲೆ ಕೊಡಬೇಕಾಗುತ್ತದೆ. ಮಾರ್ಚ್‌ನಲ್ಲೇ ಮುಗಿಸಿ.

ಸ್ಯಾಂಪಲ್ ಸೇಲ್ ಎಂದರೇನು? ಅಲ್ಲಿ ಸಿಗುವುದು ಯಾಕೆ ಯಾರಿಗೂ ಸರಿಹೊಂದುವುದಿಲ್ಲ?

ಸಂಗ್ರಹ ಬಿಡುಗಡೆಗೆ ಮುಂಚೆ ಪ್ರತಿ ವಿನ್ಯಾಸದ ಒಂದೊಂದು ಮಾದರಿ ಹೊಲಿಯುತ್ತಾರೆ. ಅದನ್ನು ಮಾಡೆಲ್‌ಗಳು ತೊಡುತ್ತಾರೆ, ಫೋಟೊ ಶೂಟ್‌ಗೆ ಹೋಗುತ್ತದೆ, ಸ್ಟೈಲಿಸ್ಟ್‌ಗಳು ನಟಿಯರಿಗೆ ಒಯ್ಯುತ್ತಾರೆ. ವರ್ಷ ಕಳೆದ ಮೇಲೆ ಅವು ರ‍್ಯಾಕಿನಲ್ಲಿ ಜಾಗ ತಿನ್ನುವ ಸರಕು. ಅದನ್ನು ಮಾರುವುದೇ ಸ್ಯಾಂಪಲ್ ಸೇಲ್. ಇದರ ಜತೆಗೆ ಗಿರಾಕಿ ಬೇಡವೆಂದ ಆರ್ಡರ್, ಬಣ್ಣ ತುಸು ತಪ್ಪಿದ ಪೀಸ್, ಹಳೆಯ ಸಂಗ್ರಹದ ಉಳಿಕೆ ಕೂಡ ಬರುತ್ತದೆ.

ಮಾದರಿಗಳು ಮಾಡೆಲ್ ಅಳತೆಯವು: ಎದೆ 32–34 ಇಂಚು, ಎತ್ತರ 5 ಅಡಿ 8 ಇಂಚಿಗಿಂತ ಹೆಚ್ಚು. ಆದ್ದರಿಂದ ಮೇಲೆ ಬಿಗಿ, ಕೆಳಗೆ ಉದ್ದ. ಸಣ್ಣ ಮೈಕಟ್ಟಿನವರಿಗೆ ಇದು ಹಬ್ಬ. ಉಳಿದವರು ಸೀರೆ, ದುಪಟ್ಟಾ, ಕೇಪ್, ಉದ್ದದ ಜಾಕೆಟ್, ಸೊಂಟಕ್ಕೆ ಲಾಡಿ ಇರುವ ಸ್ಕರ್ಟ್ ಕಡೆಗೆ ಮೊದಲು ಹೋಗಬೇಕು. ಇವಕ್ಕೆ ಅಳತೆಯ ಗೋಜು ಕಡಿಮೆ.

ಹೋಗುವಾಗ ಬಿಗಿಯಾದ ಟೀ ಶರ್ಟು, ಲೆಗಿಂಗ್ಸ್ ಹಾಕಿಕೊಂಡು ಹೋಗಿ. ಟ್ರಯಲ್ ರೂಮ್ ಬಹಳ ಕಡೆ ಇರುವುದಿಲ್ಲ, ಮೇಲಿಂದಲೇ ತೊಟ್ಟು ನೋಡಬಹುದು. ಅಳತೆ ಟೇಪು, ಮದುವೆಗೆ ಹಾಕಲಿರುವ ಎತ್ತರದ ಚಪ್ಪಲಿ ಜತೆಗಿರಲಿ. ಮೊದಲ ದಿನ ಬೆಳಿಗ್ಗೆ ಆಯ್ಕೆ ಹೆಚ್ಚು, ಕೊನೆಯ ದಿನ ಸಂಜೆ ಬೆಲೆ ಕಡಿಮೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಕೈಗೆ ಬಂದ ಪೀಸನ್ನು ಬೆಳಕಿಗೆ ಹಿಡಿದು ಈ ಕ್ರಮದಲ್ಲಿ ನೋಡಿ. ಕಂಕುಳು: ಬೆವರಿನ ಹಳದಿ ಕಲೆ ಡ್ರೈ ಕ್ಲೀನಿಂಗ್‌ನಲ್ಲಿ ಹೋಗುವುದು ಅಪರೂಪ. ಕತ್ತಿನ ಒಳಪಟ್ಟಿ: ಮೇಕಪ್ ಫೌಂಡೇಷನ್ ಹತ್ತಿರುತ್ತದೆ, ಇದು ಬಹುಮಟ್ಟಿಗೆ ಹೋಗುತ್ತದೆ. ಕೆಳ ಅಂಚು: ನೆಲಕ್ಕೆ ತಾಗಿ ಎಳೆ ಬಿಟ್ಟಿರುತ್ತದೆ. ಜಿಪ್: ಮೂರು ಸಲ ಏರಿಸಿ ಇಳಿಸಿ, ಸೊಂಟದ ಹೊಲಿಗೆ ದಾಟುವ ಜಾಗದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಗೆ ಮಣಿ: ಅಂಗೈಯಿಂದ ಮೆಲ್ಲನೆ ಸವರಿ, ನಾಲ್ಕೈದು ಉದುರಿದರೆ ದಾರ ಸಡಿಲವಾಗಿದೆ ಎಂದರ್ಥ. ಕೊಳವೆಯಂಥ ಉದ್ದ ಗಾಜಿನ ಮಣಿಗಳ ಚೂಪು ಅಂಚು ತನ್ನ ದಾರವನ್ನು ತಾನೇ ಕತ್ತರಿಸುತ್ತದೆ, ಅಲ್ಲಿ ಹೆಚ್ಚು ಎಚ್ಚರ.

ಅಳತೆ ತಪ್ಪಿದ್ದನ್ನು ಕೊಂಡು ಸರಿಮಾಡಿಸಿಕೊಳ್ಳಬಹುದೇ?

ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಗೊತ್ತಿದ್ದರೆ ಆಗಬಹುದು. ಕಡಿಮೆ ಬೆಲೆಯ ಖರೀದಿ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ದೊಡ್ಡದನ್ನು ಚಿಕ್ಕದು ಮಾಡುವುದು ಸುಲಭ, ಆದರೆ ಭುಜದಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಇಳಿಸಲು ಹೊರಟರೆ ತೋಳು ಬಿಚ್ಚಿ ಮತ್ತೆ ಕೂರಿಸಬೇಕು. ಕಸೂತಿ ಭುಜದ ಮೇಲೆ ಹಾದುಹೋಗಿದ್ದರೆ ಆ ಆಸೆ ಬಿಡಿ.

ಚಿಕ್ಕದನ್ನು ದೊಡ್ಡದು ಮಾಡಲು ಒಳಗೆ ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಬಿಟ್ಟ ಹೆಚ್ಚಿನ ಬಟ್ಟೆ ಇರಬೇಕು. ಉಡುಪನ್ನು ತಿರುವಿ ಪಕ್ಕದ ಹೊಲಿಗೆ ನೋಡಿ. ಎರಡೂ ಪಕ್ಕ, ಹಿಂದೆ ಮುಂದೆ ಸೇರಿ ನಾಲ್ಕು ಪದರ. ಪ್ರತಿಯೊಂದರಲ್ಲಿ 1 ಇಂಚು ಮಾರ್ಜಿನ್ ಇದ್ದರೆ ಹೊಸ ಹೊಲಿಗೆಗೆ ಕಾಲು ಇಂಚು ಬಿಟ್ಟು ಮುಕ್ಕಾಲು ಇಂಚು ಸಿಗುತ್ತದೆ. ಒಟ್ಟು 3 ಇಂಚು. ಮಾರ್ಜಿನ್ ಅರ್ಧ ಇಂಚೇ ಇದ್ದರೆ 1 ಇಂಚು, ಅಷ್ಟೇ. ಓವರ್‌ಲಾಕ್ ಮಾಡಿ ಅಂಚು ಕತ್ತರಿಸಿದ್ದರೆ ಏನೂ ಇಲ್ಲ. ಅಸ್ತರಿಗೂ ಅಷ್ಟೇ ಮಾರ್ಜಿನ್ ಇದೆಯೇ ಎಂದು ನೋಡಲು ಮರೆಯುವವರು ಬಹಳ. ಮೇಲಿನ ಬಟ್ಟೆ ಬಿಚ್ಚಿ, ಅಸ್ತರು ಬಿಗಿಯಾಗಿಯೇ ಉಳಿದರೆ ಪ್ರಯೋಜನವಿಲ್ಲ. ಸ್ಯಾಟಿನ್, ಆರ್ಗ್ಯಾಂಜಾ, ತೆಳು ರೇಷ್ಮೆಯಲ್ಲಿ ಹಳೆಯ ಸೂಜಿ ರಂಧ್ರಗಳ ಸಾಲು ಕಾಣುತ್ತಲೇ ಇರುತ್ತದೆ. ಹತ್ತಿಯಲ್ಲಿ ಒಂದೆರಡು ಒಗೆತಕ್ಕೆ ಮುಚ್ಚಿಹೋಗುತ್ತದೆ.

ಲೆಹೆಂಗಾ ಉದ್ದವಾದರೆ ಕೆಳಗಿನಿಂದ ಮಡಿಸಿ ಎಂದು ಹೇಳಬೇಡಿ. ಬಾರ್ಡರ್ ಇರುವುದೇ ಅಲ್ಲಿ. ಸೊಂಟಪಟ್ಟಿ ಬಿಚ್ಚಿ ಮೇಲಿನಿಂದ ಕತ್ತರಿಸಬೇಕು. 'ಕಲಿ' ಎಂಬ ಉದ್ದುದ್ದ ಪಟ್ಟಿಗಳನ್ನು ಜೋಡಿಸಿದ ಲೆಹೆಂಗಾದಲ್ಲಿ ಪ್ರತಿ ಕಲಿ ಮೇಲೆ ಕಿರಿದು, ಕೆಳಗೆ ಅಗಲ. ಮೇಲಿನಿಂದ 3 ಇಂಚು ತೆಗೆದರೆ ಸೊಂಟದ ಸುತ್ತಳತೆ ದೊಡ್ಡದಾಗುತ್ತದೆ, ಪ್ರತಿ ಕಲಿಯ ಹೊಲಿಗೆಯನ್ನೂ ಒಳಗೆ ತರಬೇಕಾಗುತ್ತದೆ. ಹನ್ನೆರಡು ಕಲಿಯಾದರೆ ಹನ್ನೆರಡು ಹೊಲಿಗೆ. ಈ ಕೆಲಸಕ್ಕೆ ಮೂಲೆಯ ಪೀಕೋ-ಫಾಲ್ ಅಂಗಡಿ ಬೇಡ. ಲೆಹೆಂಗಾ ಹೊಲಿಯುವ ಮಾಸ್ಟರ್ ಬಳಿಯೇ ಹೋಗಿ, ಕೂಲಿ ಮೊದಲೇ ಕೇಳಿಕೊಂಡು ಖರೀದಿ ಬೆಲೆಗೆ ಸೇರಿಸಿ ನೋಡಿ.

ಲ್ಯಾಕ್ಮೆ ಫ್ಯಾಷನ್ ವೀಕ್‌ಗೆ ಸಾಮಾನ್ಯರು ಹೋಗಬಹುದೇ?

ಮುಖ್ಯ ರ‍್ಯಾಂಪ್ ಶೋಗಳು ಆಮಂತ್ರಿತರಿಗೆ: ಅಂಗಡಿಗಳ ಖರೀದಿದಾರರು, ಪತ್ರಕರ್ತರು, ಪ್ರಾಯೋಜಕರು, ಡಿಸೈನರ್‌ನ ಗಿರಾಕಿಗಳು. 2021ರಿಂದ ಇದು ಫ್ಯಾಷನ್ ಡಿಸೈನ್ ಕೌನ್ಸಿಲ್ ಆಫ್ ಇಂಡಿಯಾ ಜತೆ ಸೇರಿ ನಡೆಯುತ್ತಿದೆ. ಮುಂಬಯಿಯಲ್ಲಿ ಈಚಿನ ವರ್ಷಗಳಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಜಿಯೋ ವರ್ಲ್ಡ್ ಕನ್ವೆನ್ಷನ್ ಸೆಂಟರ್‌ನಲ್ಲಿ, ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ಆಮಂತ್ರಣ ಇಲ್ಲದವರಿಗೆ ದಾರಿ ಮೂರು. ದಿನಾಂಕ ಪ್ರಕಟವಾದ ಕೂಡಲೇ ಅಧಿಕೃತ ಜಾಲತಾಣದ ನೋಂದಣಿ ನೋಡುವುದು. ಫ್ಯಾಷನ್ ಓದುವ ಮಕ್ಕಳು ಮನೆಯಲ್ಲಿದ್ದರೆ ಕಾಲೇಜಿನ ಮೂಲಕ ಸ್ವಯಂಸೇವಕರಾಗುವುದು. ತೆರೆಮರೆಯಲ್ಲಿ ಉಡುಪು ತೊಡಿಸುವ ಕೆಲಸಕ್ಕೆ ಕೈಗಳು ಯಾವಾಗಲೂ ಬೇಕು. ಮೂರನೆಯದು, ಮನೆಯಲ್ಲೇ ನೇರಪ್ರಸಾರ ನೋಡುವುದು. ಪಾಸ್ ಮಾರುತ್ತೇವೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವವರಿಗೆ ಹಣ ಕಳಿಸಬೇಡಿ. ಆಮಂತ್ರಣ ಹೆಸರಿಗೆ ಬರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರೆ ವಾಪಸ್ ಬರಬೇಕಾಗುತ್ತದೆ.

ಕಡಿಮೆ ಬೆಲೆ ಹುಡುಕುವವರಿಗೆ ಫ್ಯಾಷನ್ ವೀಕ್‌ನಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಹೊಸಬರ 'ಜೆನ್‌ನೆಕ್ಸ್ಟ್' ವಿಭಾಗ. ರಾಹುಲ್ ಮಿಶ್ರಾ, ಮಸಾಬಾ ಗುಪ್ತಾ ಇಬ್ಬರೂ ಮೊದಲು ಕಾಣಿಸಿಕೊಂಡದ್ದು ಅಲ್ಲೇ. ಆ ವರ್ಷದ ಹೊಸಬರ ಹೆಸರು ಬರೆದಿಟ್ಟುಕೊಂಡು ಅವರ ಇನ್‌ಸ್ಟಾಗ್ರಾಮ್ ಪುಟ ಹಿಂಬಾಲಿಸಿ. ಮೊದಲ ಒಂದೆರಡು ವರ್ಷ ಅವರೇ ಗಿರಾಕಿಗಳಿಗೆ ಉತ್ತರ ಬರೆಯುತ್ತಾರೆ, ಅಳತೆ ಕೇಳಿ ಹೊಲಿದುಕೊಡುತ್ತಾರೆ, ಬೆಲೆಯೂ ಇನ್ನೂ ಏರಿರುವುದಿಲ್ಲ.

ಪಾಸ್, ಆಮಂತ್ರಣ ಇಲ್ಲದೆ ನೋಡಲು ಸಿಗುವ ಕಾರ್ಯಕ್ರಮಗಳು?

ಕಾಳಾ ಘೋಡಾ ಕಲಾ ಉತ್ಸವ ಎಲ್ಲಕ್ಕಿಂತ ಸುಲಭ. 1999ರಲ್ಲಿ ಶುರುವಾದದ್ದು, ಜನವರಿ ಕೊನೆ–ಫೆಬ್ರವರಿ ಆರಂಭದಲ್ಲಿ ಒಂಬತ್ತು ದಿನ, ಪ್ರವೇಶ ಉಚಿತ. ರ‍್ಯಾಂಪಾರ್ಟ್ ರೋ ಉದ್ದಕ್ಕೂ ಕೈಮಗ್ಗ, ಆಭರಣ, ಚೀಲಗಳ ಸ್ಟಾಲು. ಶನಿವಾರ-ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ವಾರದ ದಿನ ಮಧ್ಯಾಹ್ನ ಹೋಗಿ. ಮೆಟ್ರೊ 3ರ ಹುತಾತ್ಮಾ ಚೌಕ್ ನಿಲ್ದಾಣದಲ್ಲಿ ಇಳಿದರೆ ನಡೆದೇ ತಲುಪಬಹುದು.

ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಫ್ಯಾಷನ್ ಕಾಲೇಜುಗಳ ಪ್ರದರ್ಶನ. ಖಾರ್ಘರ್‌ನ ನಿಫ್ಟ್, ಎಸ್‌ಎನ್‌ಡಿಟಿ ಮುಂತಾದ ಕಡೆ ಓದು ಮುಗಿಸುವ ವಿದ್ಯಾರ್ಥಿಗಳ ಕೆಲಸವನ್ನು ವರ್ಷಕ್ಕೊಮ್ಮೆ ಪ್ರದರ್ಶಿಸುತ್ತಾರೆ. ಕೆಲವು ವಿದ್ಯಾರ್ಥಿಗಳು ಆ ಪೀಸ್ ಮಾರುತ್ತಾರೆ, ಇನ್ನು ಕೆಲವರು ಅದರಂತೆಯೇ ಹೊಲಿದು ಕೊಡಲು ಒಪ್ಪುತ್ತಾರೆ. ನಿಫ್ಟ್‌ನವರು ಕುಶಲಕರ್ಮಿಗಳನ್ನೇ ಕರೆಸಿ ನಡೆಸುವ ಕ್ರಾಫ್ಟ್ ಬಜಾರ್ ಕೂಡ ಒಳ್ಳೆಯದು, ಅಲ್ಲಿ ಹಣ ನೇರ ನೇಯುವವರ ಕೈಗೆ ಹೋಗುತ್ತದೆ. ದಕ್ಷಿಣ ಮುಂಬಯಿಯಲ್ಲಿ 'ಪಾರಂಪರಿಕ್ ಕಾರಿಗರ್' ಸಂಸ್ಥೆಯ ಮೇಳವೂ ಇದೇ ಬಗೆಯದು.

ಪಂಚತಾರಾ ಹೋಟೆಲುಗಳ ಎಕ್ಸಿಬಿಷನ್‌ಗೆ ಹೋದರೆ ದುಬಾರಿಯಲ್ಲವೇ?

ಹೋಗಲು ದುಬಾರಿಯಲ್ಲ, ಪ್ರವೇಶ ಉಚಿತ ಅಥವಾ ಅಲ್ಪ ಶುಲ್ಕ. ರಾಖಿಗೆ ಮುಂಚೆ, ದೀಪಾವಳಿಗೆ ಮುಂಚೆ, ಮದುವೆ ಸೀಸನ್ನಿಗೆ ಮುಂಚೆ ಹೋಟೆಲಿನ ಬ್ಯಾಂಕ್ವೆಟ್ ಹಾಲ್‌ಗಳಲ್ಲಿ, ಕಫ್ ಪರೇಡ್‌ನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಒಂದೆರಡು ದಿನದ ಮಾರಾಟ ನಡೆಯುತ್ತದೆ. ಸ್ಟಾಲು ಹಾಕುವವರು ದಿನದ ಬಾಡಿಗೆ ಕಟ್ಟಿರುತ್ತಾರೆ. ಕೊನೆಯ ದಿನ ಸಂಜೆ ನಾಲ್ಕರ ನಂತರ ಅವರ ತಲೆಯಲ್ಲಿರುವುದು ಒಂದೇ: ದಿಲ್ಲಿಗೋ ಜೈಪುರಕ್ಕೋ ಸರಕು ಮತ್ತೆ ಕಟ್ಟಿಕೊಂಡು ಹೋಗಬೇಕಲ್ಲ ಎಂಬುದು. ಆಗ "ಡಿಸ್‌ಪ್ಲೇ ಪೀಸ್ ಕೊಡ್ತೀರಾ, ಏನು ಕಡಿಮೆ ಮಾಡ್ತೀರಿ" ಎಂದು ನೇರ ಕೇಳಿ. ಫ್ಯಾಷನ್ ಸ್ಟ್ರೀಟ್‌ನಲ್ಲಿ ಮಾಡುವಂತೆ ಅರ್ಧಕ್ಕೆ ಕೇಳುವ ಚೌಕಾಸಿ ಇಲ್ಲಿ ನಡೆಯುವುದಿಲ್ಲ, ಮುಖ ತಿರುಗಿಸುತ್ತಾರೆ. ನೂರಕ್ಕೆ ಹತ್ತು-ಹದಿನೈದು ಸಿಕ್ಕರೆ ಸಂತೋಷಪಡಿ.

ಆರ್ಡರ್ ಕೊಟ್ಟು ಹೋಗುವಾಗ ಎಚ್ಚರ. ಮುಂಗಡ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಬಿಲ್ಲಿನಲ್ಲಿ ಅಳತೆ, ಬಟ್ಟೆಯ ಹೆಸರು, ಬಣ್ಣ, ಕೊಡುವ ದಿನಾಂಕ, ಜಿಎಸ್‌ಟಿ ಸಂಖ್ಯೆ ಬರೆಸಿ. ಮದುವೆಗೆ ಮೂರು ವಾರ ಮುಂಚಿನ ದಿನಾಂಕ ಕೊಡಿ, ಯಾಕೆಂದರೆ ಬಂದದ್ದು ಸರಿಮಾಡಿಸಲು ಒಂದು ವಾರ, ತಡವಾಗುವುದು ಒಂದು ವಾರ ಎಂದು ಲೆಕ್ಕ ಹಿಡಿಯಲೇಬೇಕು.

ಡಿಸೈನರ್ ಅಂಗಡಿಗಳಿಗೆ ಸುಮ್ಮನೆ ನೋಡಲು ಹೋದರೆ ಏನಂದುಕೊಳ್ಳುತ್ತಾರೋ?

ಏನೂ ಅಂದುಕೊಳ್ಳುವುದಿಲ್ಲ, ಅಂದುಕೊಂಡರೂ ನಿಮ್ಮ ಗಂಟೇನೂ ಹೋಗದು. ಕೊಳ್ಳುವ ಮುಂಚೆ ಒಳ್ಳೆಯ ಕೆಲಸ ಹೇಗಿರುತ್ತದೆ ಎಂದು ಕೈಯಿಂದ ಮುಟ್ಟಿ ಕಲಿಯಲೇಬೇಕು. ಫೋರ್ಟ್‌ನ ಲಯನ್ ಗೇಟ್ ಎದುರಿನ 'ಎನ್‌ಸೆಂಬಲ್' 1987ರಲ್ಲಿ ತೆರೆದದ್ದು, ಹಲವು ಡಿಸೈನರ್‌ಗಳನ್ನು ಒಟ್ಟಿಗೆ ಮಾರಿದ ದೇಶದ ಮೊದಲ ಅಂಗಡಿ. ಹಾರ್ನಿಮನ್ ಸರ್ಕಲ್‌ನಲ್ಲಿ 2023ರಲ್ಲಿ ತೆರೆದ ಸಬ್ಯಸಾಚಿ ಮಳಿಗೆ ವಸ್ತುಸಂಗ್ರಹಾಲಯದ ಹಾಗಿದೆ. ಒಂದು ಮಧ್ಯಾಹ್ನ ಇವೆರಡು, ಕಾಳಾ ಘೋಡಾದ ಒಳಬೀದಿಗಳು, ಕೊಲಾಬಾ ಸುತ್ತಿದರೆ ಸಾಕು. ಫೋಟೊ ತೆಗೆಯುವ ಮುಂಚೆ ಕೇಳಿ. ಹೊರಡುವಾಗ ಸೇಲ್ ಪಟ್ಟಿಗೆ ಫೋನ್ ನಂಬರ್ ಕೊಟ್ಟು ಬನ್ನಿ. ಅನೇಕ ಅಂಗಡಿಗಳು ಸೇಲ್ ಸುದ್ದಿಯನ್ನು ಬಾಗಿಲಿಗೆ ಅಂಟಿಸುವ ಮುಂಚೆ ಆ ಪಟ್ಟಿಗೆ ಕಳಿಸುತ್ತವೆ.

ಲಿಂಕಿಂಗ್ ರೋಡ್, ಫ್ಯಾಷನ್ ಸ್ಟ್ರೀಟ್‌ನ 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ನಿಜವಾದದ್ದೇ?

ಕೆಲವು ನಿಜ. ರಫ್ತು ಕಾರ್ಖಾನೆ ಆರ್ಡರ್‌ಗಿಂತ ತುಸು ಹೆಚ್ಚು ಹೊಲಿಯುತ್ತದೆ, ತಪಾಸಣೆಯಲ್ಲಿ ತಿರಸ್ಕರಿಸಿದ್ದೂ ಉಳಿಯುತ್ತದೆ. ಅಂಥ ಸರಕಿನಲ್ಲಿ ಲೇಬಲ್ ಅಡ್ಡಕ್ಕೆ ಕತ್ತರಿಸಿರುತ್ತದೆ ಅಥವಾ ಕಿತ್ತಿರುತ್ತದೆ, ಪಕ್ಕದ ಹೊಲಿಗೆಯಲ್ಲಿ ಹಲವು ಭಾಷೆಗಳ ತೊಳೆಯುವ ಸೂಚನೆಯ ಚೀಟಿ ಉಳಿದಿರುತ್ತದೆ, ಒಂದೇ ವಿನ್ಯಾಸದಲ್ಲಿ ಎಲ್ಲ ಅಳತೆ ಸಿಗುವುದಿಲ್ಲ. ಫಳಫಳಿಸುವ ಲೇಬಲ್, ಎಲ್ಲ ಸೈಜು, ಎಲ್ಲ ಬಣ್ಣ ರಾಶಿಯಾಗಿ ಇದ್ದರೆ ಅದು 'ಫಸ್ಟ್ ಕಾಪಿ', ಅಂದರೆ ನಕಲಿ. ಮುಂಬಯಿ ಹತ್ತಿರದ ಉಲ್ಲಾಸನಗರದಲ್ಲಿ ಹೊಲಿದ ಜೀನ್ಸ್‌ಗೆ ಬೇರೆ ಹೆಸರು ಹಚ್ಚುವ ಬದಲು ಹಾಗೆಯೇ ಮಾರಿದರೂ ಅದು ಚೆನ್ನಾಗಿ ಬಾಳುತ್ತದೆ. ಲೇಬಲ್‌ಗೆಂದು ನೂರು ರೂಪಾಯಿಯೂ ಹೆಚ್ಚು ಕೊಡಬೇಡಿ.

ತೊಟ್ಟು ನೋಡಲು ಆಗದ ಕಡೆ, ಉಡುಪನ್ನು ಸಮತಟ್ಟಾಗಿ ಹಾಸಿ ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ನಿಮ್ಮ ಎದೆ ಸುತ್ತಳತೆ 36 ಆದರೆ ಕುರ್ತಾ 38ರಿಂದ 40 ಬರಬೇಕು. ತಿರಸ್ಕೃತ ಸರಕಿನಲ್ಲಿ ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡವಿರುವುದು, ಒಗೆದ ಮೇಲೆ ಪಕ್ಕದ ಹೊಲಿಗೆ ಮುಂದಕ್ಕೆ ತಿರುಚಿಕೊಳ್ಳುವುದು ಮಾಮೂಲು. ಹೆಣೆದ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ್ದರಿಂದ ಹಾಗಾಗುತ್ತದೆ, ಯಾವ ದರ್ಜಿಯೂ ಸರಿಮಾಡಲಾರ.

ಬಟ್ಟೆ ಕೊಂಡು ಹೊಲಿಸಿದರೆ ಅಗ್ಗವಲ್ಲವೇ?

ಸರಳ ವಿನ್ಯಾಸಕ್ಕೆ ಖಂಡಿತ. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಮಂಗಳದಾಸ್ ಮಾರ್ಕೆಟ್‌ನಲ್ಲಿ ಬಟ್ಟೆ, ಭುಲೇಶ್ವರದಲ್ಲಿ ಲೇಸು-ಬಾರ್ಡರ್, ದಾದರ್ ಪೂರ್ವದ ಹಿಂದ್‌ಮಾತಾ ಮತ್ತು ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್‌ನಲ್ಲಿ ಸೀರೆ, ಡ್ರೆಸ್ ಮೆಟೀರಿಯಲ್. ಮಂಗಳದಾಸ್ ಭಾನುವಾರ ಮುಚ್ಚಿರುತ್ತದೆ.

ಮೊದಲು ಕೇಳಬೇಕಾದ್ದು ಪನ್ನ, ಅಂದರೆ ಬಟ್ಟೆಯ ಅಗಲ. 44 ಇಂಚು ಪನ್ನದಲ್ಲಿ ಮೊಣಕಾಲಿನ ಕೆಳಗೆ ಬರುವ ನೇರ ಕುರ್ತಾಗೆ ಎರಡೂವರೆ ಮೀಟರ್, ಬ್ಲೌಸ್‌ಗೆ 80 ಸೆಂಟಿಮೀಟರ್‌ನಿಂದ 1 ಮೀಟರ್, ದುಪಟ್ಟಾಗೆ ಎರಡೂವರೆ ಮೀಟರ್, ಸಾಧಾರಣ ಘೇರ್‌ನ (ಕೆಳಸುತ್ತಿನ ಅಗಲದ) ಲೆಹೆಂಗಾಗೆ 4ರಿಂದ 5 ಮೀಟರ್. ಪನ್ನ 58 ಇದ್ದರೆ ಇದಕ್ಕಿಂತ ಕಡಿಮೆ ಸಾಕು. ಒಂದೇ ದಿಕ್ಕಿಗೆ ನಿಂತ ಹೂವು, ಆನೆ, ನವಿಲಿನ ಪ್ರಿಂಟ್ ಆದರೆ ಕಾಲು ಮೀಟರ್ ಹೆಚ್ಚು ತೆಗೆದುಕೊಳ್ಳಿ, ಇಲ್ಲದಿದ್ದರೆ ಬೆನ್ನ ಮೇಲೆ ನವಿಲು ತಲೆಕೆಳಗಾಗಿ ನಿಲ್ಲುತ್ತದೆ. ಬೇಕಾದ್ದನ್ನೆಲ್ಲ ಒಂದೇ ಥಾನ್‌ನಿಂದ (ಬಟ್ಟೆಯ ಸುರುಳಿಯಿಂದ) ಒಂದೇ ಸಲ ಕತ್ತರಿಸಿಕೊಳ್ಳಿ. ಮುಂದಿನ ವಾರ ಬರುವ ಥಾನ್‌ನ ಬಣ್ಣ ಕೂದಲೆಳೆಯಷ್ಟು ಬೇರೆಯಿರುತ್ತದೆ, ಬಿಸಿಲಲ್ಲಿ ಅದೇ ಎದ್ದು ಕಾಣುತ್ತದೆ. ಹತ್ತಿ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ ಆಮೇಲೆ ದರ್ಜಿಗೆ ಕೊಡಿ. ಕುಗ್ಗುವುದು ಹೊಲಿಯುವ ಮುಂಚೆಯೇ ಕುಗ್ಗಲಿ.

ಭಾರೀ ಕಸೂತಿಯ ಉಡುಪಿನ ಫೋಟೊ ತೋರಿಸಿ ಹಾಗೆಯೇ ಮಾಡಿಕೊಡಿ ಎಂದರೆ ಮಾತ್ರ ಕೈಸುಡುತ್ತದೆ. ಅದು ಇನ್ನೊಬ್ಬರ ವಿನ್ಯಾಸ ಎಂಬುದು ಒಂದು ಮಾತು. ಫೋಟೊದಲ್ಲಿ ಬಟ್ಟೆಯ ತೂಕ, ಅಸ್ತರು, ಉಬ್ಬಿ ನಿಲ್ಲಲು ಒಳಗೆ ಹಾಕಿದ ಕ್ಯಾನ್‌ಕ್ಯಾನ್ ಬಲೆ ಕಾಣುವುದಿಲ್ಲ ಎಂಬುದು ಇನ್ನೊಂದು.

ಇಳಕಲ್, ಖಣದ ಡಿಸೈನರ್ ಉಡುಪುಗಳಿಗೆ ಈಗ ಇಷ್ಟು ಬೆಲೆ ಕೇಳುತ್ತಾರೆ. ಕೊಡಬೇಕೇ?

ನಮ್ಮವರು ಇಲ್ಲಿ ಮೋಸ ಹೋಗಬಾರದು. ಗುಳೇದಗುಡ್ಡದ ಖಣಕ್ಕೂ ಇಳಕಲ್ ಸೀರೆಗೂ ಜಿಐ (ಭೌಗೋಳಿಕ ಸೂಚಕ) ಗುರುತು ಇದೆ, ಆದರೆ ಮುಂಬಯಿಯ ಅಂಗಡಿಗಳಲ್ಲಿ ನೇತಾಡುವ ಖಣದ ಜಾಕೆಟ್, ಚೀಲಗಳಲ್ಲಿ ಬಹಳಷ್ಟು ಪವರ್‌ಲೂಮಿನ ಪಾಲಿಯೆಸ್ಟರ್. ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿ: ಕರಗಿ ಗಟ್ಟಿ ಮುತ್ತಾದರೆ ಪಾಲಿಯೆಸ್ಟರ್, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಪುಡಿಯಾಗುವ ಬೂದಿ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಇಳಕಲ್‌ನಲ್ಲಿ ಸೆರಗು ಮೈಗೆ ಸೇರುವ ಜಾಗ ನೋಡಿ. 'ತೋಪ್ ತೆನೆ' ಎಂಬ ಅಸಲಿ ಇಳಕಲ್ ಸೆರಗಿನಲ್ಲಿ ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸಿರುತ್ತಾರೆ.

ಕೈಕಸೂತಿ ಎಂದು ಹೇಳಿದರೆ ಬಟ್ಟೆ ತಿರುವಿ. ನಮ್ಮ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಹಿಂದೆ ಮುಂದೆ ಒಂದೇ ರೀತಿ ಕಾಣುತ್ತವೆ, ಗಂಟು ಇರುವುದಿಲ್ಲ. ಹಿಂದೆ ಬಿಳಿ ಬಾಬಿನ್ ದಾರ ಕಂಡರೆ ಮೆಷಿನ್. ಬಟ್ಟೆ ಊರಿನಿಂದಲೇ ತರಿಸಿ, ಕಟಿಂಗ್‌ಗೆ ಮಾತ್ರ ಮುಂಬಯಿಯ ಮಾಸ್ಟರ್‌ಗೆ ಹಣ ಕೊಡುವುದು ಹೆಚ್ಚು ಲಾಭ. ಕೈಮಗ್ಗದ ಖಣದ ಪನ್ನ ಕಿರಿದಾಗಿರುವುದರಿಂದ ಜಾಕೆಟ್‌ಗೆ ಎಷ್ಟು ಬೇಕು ಎಂದು ಮಾಸ್ಟರನ್ನು ಕೇಳಿಯೇ ತರಿಸಿ.

ಒಂದೇ ಸಲ ಹಾಕುವ ಉಡುಪಿಗೆ ಬಾಡಿಗೆ ಒಳ್ಳೆಯದೇ?

ಮದುವಣಗಿತ್ತಿಯ ಅಕ್ಕತಂಗಿಯರಿಗೆ, ವರನಿಗೆ ಒಳ್ಳೆಯದು. ನಾಟಕ, ಶಾಲೆಯ ಕಾರ್ಯಕ್ರಮಗಳಿಗೆ ವೇಷ ಕೊಡುವ 'ಡ್ರೆಸ್‌ವಾಲಾ'ಗಳು ಈ ಊರಿನ ಹಳೆಯ ವ್ಯವಸ್ಥೆ. ಈಗ ಡಿಸೈನರ್ ಉಡುಪಿಗೂ ಅಂಗಡಿಗಳಿವೆ. ಸಾಮಾನ್ಯವಾಗಿ ಮೂರು ದಿನಕ್ಕೆ ಮೂಲ ಬೆಲೆಯ ಶೇ. 10ರಿಂದ 20, ಜತೆಗೆ ವಾಪಸ್ ಸಿಗುವ ಠೇವಣಿ. ಅಂದರೆ 80,000 ರೂಪಾಯಿಯ ಲೆಹೆಂಗಾಗೆ 8,000ದಿಂದ 16,000. ಮದುವೆ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ ಹೋಗಿ ಬರುವ ದಿನಗಳೂ ಬಾಡಿಗೆಗೆ ಸೇರುತ್ತವೆ, ಆ ಲೆಕ್ಕ ಮೊದಲೇ ಹಾಕಿ. ತೆಗೆದುಕೊಳ್ಳುವಾಗ ಇರುವ ಕಲೆ, ಹರಿದ ಜಾಗಗಳ ವಿಡಿಯೊ ಅಂಗಡಿಯಲ್ಲೇ ಮಾಡಿಕೊಳ್ಳಿ. ಠೇವಣಿ ಜಗಳಗಳೆಲ್ಲ ಹುಟ್ಟುವುದು ಈ ಹಳೆಯ ಕಲೆಗಳಿಂದಲೇ. ಅರಿಸಿನ ಶಾಸ್ತ್ರಕ್ಕೆ ಮಾತ್ರ ಬಾಡಿಗೆ ಉಡುಪು ತರಬೇಡಿ.

ಜಿಎಸ್‌ಟಿ, ಬಿಲ್ಲು, ವಾಪಸಾತಿ ನಿಯಮವೇನು?

2025ರ ಸೆಪ್ಟೆಂಬರ್ 22ರಿಂದ ಹೊಲಿದ ಉಡುಪು ಒಂದು ಪೀಸಿಗೆ 2,500 ರೂಪಾಯಿವರೆಗೆ ಶೇ. 5, ಅದಕ್ಕಿಂತ ಹೆಚ್ಚಾದರೆ ಶೇ. 18. ಲೆಕ್ಕ ಹಾಕುವುದು ಮಾರಿದ ಬೆಲೆಯ ಮೇಲೆ. 2,500ರ ಕುರ್ತಾಗೆ ತೆರಿಗೆ ಸೇರಿ 2,625 ಆದರೆ, 2,600ರ ಕುರ್ತಾಗೆ 3,068. ಅಂಚಿನಲ್ಲಿರುವ ಬೆಲೆಗೆ ನೂರು ರೂಪಾಯಿ ಇಳಿಸಿ ಎಂದು ಕೇಳುವುದರಲ್ಲಿ ನಾಲ್ಕುನೂರರ ಲಾಭವಿದೆ. ಹೊಲಿಯದ ಬಟ್ಟೆಗೆ ಶೇ. 5. ಚೀಟಿಯಲ್ಲಿ ಎಂಆರ್‌ಪಿ ಎಂದು ಅಚ್ಚಾಗಿದ್ದರೆ ತೆರಿಗೆ ಅದರಲ್ಲೇ ಸೇರಿದೆ, ಅದರ ಮೇಲೆ ಮತ್ತೆ ಕೇಳುವಂತಿಲ್ಲ. ಡಿಸೈನರ್ ಅಂಗಡಿಗಳು ಬರಿಯ 'ಬೆಲೆ' ಬರೆದಿದ್ದರೆ ತೆರಿಗೆ ಸೇರಿದೆಯೇ ಎಂದು ಮೊದಲೇ ಕೇಳಿ.

'ಒಮ್ಮೆ ಮಾರಿದ್ದನ್ನು ವಾಪಸ್ ಪಡೆಯುವುದಿಲ್ಲ' ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ದೋಷವಿರುವ ಸರಕನ್ನು ನಿರಾಕರಿಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನ. ಆದರೆ ಬಣ್ಣ ಹಿಡಿಸಲಿಲ್ಲ, ಬಿಗಿಯಾಯಿತು ಎಂಬುದು ದೋಷವಲ್ಲ. ಸೇಲ್‌ನಲ್ಲಿ 'ಡಿಫೆಕ್ಟ್ ಪೀಸ್' ಎಂದು ತೋರಿಸಿಯೇ ಕೊಟ್ಟದ್ದಕ್ಕೂ ಇದು ಅನ್ವಯಿಸದು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಇನ್‌ಸ್ಟಾಗ್ರಾಮ್‌ನಲ್ಲಿ ಕಾಲು ಬೆಲೆಗೆ ಕೊಡುತ್ತೇವೆ ಎನ್ನುವವರನ್ನು ನಂಬಬಹುದೇ?

ಪೂರ್ತಿ ಹಣ ಯುಪಿಐ ಮೂಲಕ ಮೊದಲೇ ಕೇಳಿದರೆ, ಫೋಟೊದಲ್ಲಿ ನಟಿಯದೇ ಮುಖ ಇದ್ದು ಪೀಸಿನ ಸ್ವಂತ ಫೋಟೊ ಇಲ್ಲದಿದ್ದರೆ, ಬೇಡ. ಒಳಗಿನ ಹೊಲಿಗೆ, ಲೇಬಲ್, ಹಿಂಬದಿಯ ವಿಡಿಯೊ ಕೇಳಿ. ಸುಳ್ಳರು ಆ ಹಂತದಲ್ಲೇ ಮಾಯವಾಗುತ್ತಾರೆ. ಬಳಸಿದ ಡಿಸೈನರ್ ಉಡುಪಾದರೆ ಮೂಲ ಬಿಲ್ಲಿನ ಫೋಟೊ ಬೇಕು, ಸಾಧ್ಯವಾದರೆ ಜನಸಂಚಾರದ ಜಾಗದಲ್ಲಿ ಭೇಟಿಯಾಗಿ ನೋಡಿ ಕೊಳ್ಳಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊಂಡದ್ದು ಮುಂಬಯಿಯ ಮಳೆಗಾಲದಲ್ಲಿ ಉಳಿಯುವುದು ಹೇಗೆ?

ಜರಿ ಕಪ್ಪಾಗುವುದು ತೇವ, ಬೆವರು ಮತ್ತು ಸೆಂಟಿನಿಂದ. ಸೆಂಟು ಮೈಗೆ ಹಚ್ಚಿ, ಒಣಗಿದ ಮೇಲೆ ಉಡುಪು ತೊಡಿ. ಹಾಕಿ ಬಂದ ಮೇಲೆ ಒಂದು ರಾತ್ರಿ ಫ್ಯಾನಿನ ಕೆಳಗೆ ಹರಡಿ, ಆಮೇಲೆ ತೊಳೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ತೇವ ಹಿಡಿದಿಡುತ್ತದೆ, ಬೂಷ್ಟು ಬರುತ್ತದೆ. ಮಣಿಯ ಭಾರವಿರುವುದನ್ನು ಹ್ಯಾಂಗರಿಗೆ ಹಾಕಿದರೆ ಭುಜ ಜಗ್ಗಿ ಹೊಲಿಗೆ ಬಿಡುತ್ತದೆ, ಮಡಚಿಯೇ ಇಡಿ, ಎರಡು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗಬಾರದು. ಅಂಟು ಹಾಕಿ ಕೂರಿಸಿದ ಹರಳಿದ್ದರೆ ಡ್ರೈ ಕ್ಲೀನರ್‌ಗೆ ಮೊದಲೇ ಹೇಳಿ, ಅವರು ಬಳಸುವ ದ್ರಾವಣದಲ್ಲಿ ಕೆಲವು ಅಂಟು ಕರಗಿಬಿಡುತ್ತದೆ. ಚಮಕಿಯ ಮೇಲೆ ನೇರ ಇಸ್ತ್ರಿ ಇಡಬೇಡಿ, ಸುರುಟಿಕೊಳ್ಳುತ್ತದೆ. ಒಳಮಗ್ಗುಲಿನಿಂದ, ಮೇಲೆ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ.